ಇನೋಕೆಗಾಗಿ ಕತ್ತರಿಸಿದ ಬಟ್ಟೆ

"ಇದಕ್ಕೆ ಹೊಂದೋ ನೂಲು ಕೊಡು, ಜಸ್ವಂತಿ," ಎಂದು ಸೆರೇಮಾ ತೆಂಗಿನಗರಿಯ ಬುಟ್ಟಿಯಿಂದ ಒಂದು ಉಡುಪು ತೆಗೆದು ಕೌಂಟರಿನ ಮೇಲಿಟ್ಟಳು. "ಮೊಮ್ಮಗಳು ಲಿತಿಯಾಗೆ ಹೋಟೆಲಲ್ಲಿ ಕೆಲ್ಸ ಸಿಕ್ತು. ಇದು ಅಲ್ಲಿಯ ಸಮವಸ್ತ್ರ. ಸೊಂಟದ ಹತ್ರ ಸಡಿಲ. ಅವಳ ಮೈಮೇಲೆ ಎಲುಬು ಬಿಟ್ರೆ ಏನಿದೆ."

ಜಸ್ವಂತಿಬೆನ್ ಮಡಿಕೆ ಬಿಡಿಸಿದಳು. ಕಡುನೀಲಿಯ ಮೇಲೆ ಬಿಳಿ ಕಡಲಹಕ್ಕಿಗಳು. ಕೈ ಅಲ್ಲೇ ನಿಂತಿತು.

ಸಾವಾದರೆ ಮನೆಮಂದಿಯೆಲ್ಲ ಒಂದೇ ಚಿತ್ತಾರದ ಬಟ್ಟೆ ಉಡುವ ದ್ವೀಪದೂರು ಸಿಂಗಾಟೋಕಾ. ಒಂದು ಮನೆಯ ಸಾವಿಗೆ ಕತ್ತರಿಸಿದ ಚಿತ್ತಾರವನ್ನು ಇನ್ನೊಬ್ಬರಿಗೆ ಮಾರುವುದಿಲ್ಲ ಎಂಬುದು ಜಸ್ವಂತಿಬೆನ್‌ಳ ಗಂಡನ ಕಾಲದಿಂದ ಈ ಬಟ್ಟೆಯಂಗಡಿ ನಡೆಸಿಕೊಂಡು ಬಂದ ಮಾತು. ಉಳಿದ ತುಂಡನ್ನೂ ಮಡಚಿ ಆ ಮನೆಗೇ ಕೊಡುತ್ತಿದ್ದರು. ನದಿಯಾಚೆಯ ಹಳ್ಳಿಗಳವರು ದೊಡ್ಡ ಮಳಿಗೆಗಳನ್ನು ದಾಟಿ ಇಲ್ಲಿಗೇ ಬರುತ್ತಿದ್ದುದು ಅದಕ್ಕೆ. ಸೆರೇಮಾಳ ಮಗ ಇನೋಕೆ ದೋಣಿ ಮಗುಚಿ ಸತ್ತಾಗ ಈ ಹಕ್ಕಿಗಳನ್ನು ಆರಿಸಿದವಳು ಅವನ ಮಗಳು ಲಿತಿಯಾ. "ಅಪ್ಪ ಇವನ್ನ ನೋಡೇ ಮೀನು ಎಲ್ಲಿದೆ ಅಂತ ಹೇಳ್ತಿದ್ದ," ಎಂದಿದ್ದಳು.

ಕಳೆದ ವರ್ಷ ಸಮವಸ್ತ್ರಕ್ಕೆ ಬಟ್ಟೆ ಹುಡುಕಿ ಬಂದ ಹೋಟೆಲಿನವರಿಗೆ ಹಳೆಯ ಮಾದರಿಗಳಲ್ಲಿ ಅದೇ ಹಿಡಿಸಿತ್ತು. ಮೈದುನನ ಮಗ ಕೇತನ್ ಬೆನ್ನು ಬಿಡಲಿಲ್ಲ. "ಎಷ್ಟು ವರ್ಷ ಆಯ್ತು ಕಾಕಿ, ಯಾರಿಗೆ ನೆನಪಿರತ್ತೆ? ಊರಿನ ಮುದುಕೀರೆಲ್ಲ ಸೇರಿ ಕೊಳ್ಳೋದನ್ನ ಅದೊಂದು ಹೋಟೆಲು ಕೊಳ್ಳತ್ತೆ. ಬೇಡ ಅಂದ್ರೆ ಬಾಗಿಲು ಮುಚ್ಚೋಣ."

ಜಸ್ವಂತಿಬೆನ್‌ಗೆ ನೆನಪಿತ್ತು. ನೆನಪಿದ್ದೂ ಒಪ್ಪಿ ತಲೆಯಾಡಿಸಿದ್ದಳು.

"ಅಕ್ಕಾ, ಹೋಟೆಲಿನವರ ಹತ್ರ ನಾನೇ ಮಾತಾಡ್ತೀನಿ. ಲಿತಿಯಾಗೆ ಬೇರೆ ಬಟ್ಟೇಲಿ ಹೊಲಿಸಿ ಕೊಡ್ತೀನಿ," ಎಂದಳು ಈಗ.

"ಅವಳೊಬ್ಬಳದ್ದೇ ಬೇರೆ ಆದ್ರೆ ಕೆಲ್ಸದಲ್ಲಿ ಇಟ್ಕೊಳ್ತಾರಾ? ಮನೇಲಿ ದುಡಿಯೋರು ಇನ್ಯಾರಿದಾರೆ?"

"ಇದನ್ನ ನೋಡಿ ಅವಳು ಏನಂದ್ಲು?"

ಸೆರೇಮಾ ನೂಲಿನ ಉಂಡೆಗಳನ್ನು ಒಂದೊಂದಾಗಿ ಬಟ್ಟೆಗೆ ಹಿಡಿದು ನೋಡುತ್ತಿದ್ದಳು. "'ಅಜ್ಜಿ, ಅಲ್ಲಿ ಎಲ್ರೂ ಅಪ್ಪನ ಮಣ್ಣಿಗೆ ಬಂದವರ ಹಾಗೆ ಕಾಣ್ತಾರೆ, ನಗ್ತಾ ಹಣ್ಣಿನ ರಸ ಹಂಚ್ತಾರೆ' ಅಂದ್ಲು."

ಜಸ್ವಂತಿಬೆನ್ ಒಂದು ಕಡುನೀಲಿ ಉಂಡೆಯನ್ನು ಅವಳತ್ತ ಸರಿಸಿದಳು. "ತಪ್ಪಾಯ್ತು ಅಕ್ಕಾ."

"ನಿಂಗೂ ಹೊಟ್ಟೆ ಇದೆ. ನಂಗೊತ್ತು," ಎಂದಳು ಸೆರೇಮಾ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ದುಡ್ಡು ಬೇಡವೆಂದರೂ ಕೇಳದೆ ನಾಣ್ಯವನ್ನು ಕೌಂಟರಿನ ಮೇಲಿಟ್ಟು, ನೂಲು ತೆಗೆದುಕೊಂಡಳು.

"ಚಹಾ ಇಟ್ಟಿದೀನಿ."

"ಇವತ್ತು ಬೇಡ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಇಷ್ಟು ವರ್ಷ ಅವಳು ಬಸ್ಸು ಕಾದದ್ದು ಅಂಗಡಿಯೊಳಗೆ, ಫ್ಯಾನಿನ ಕೆಳಗೆ. ಈಗ ರಸ್ತೆಯಾಚೆಯ ಬೆಂಚಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಉಡುಪನ್ನು ತೊಡೆಯ ಮೇಲೆ ಹರಡಿಕೊಂಡು, ನೂಲಿನ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿ, ಸೂಜಿಯನ್ನು ಆಕಾಶಕ್ಕೆ ಎತ್ತಿ ಹಿಡಿದಳು. ನೂಲು ಸೂಜಿಯ ಕಣ್ಣು ತಪ್ಪಿ ಆಚೆ ಹೋಯಿತು. ಮತ್ತೆ ಒದ್ದೆ ಮಾಡಿದಳು, ಮತ್ತೆ ಎತ್ತಿ ಹಿಡಿದಳು.