ಒರೆಸಿದ ಗಾಜು

ಅತ್ತೆ ಬಾಣಲೆಯಲ್ಲಿ ಪೊಟ್ಟಣ ಹುರಿಯುತ್ತಿದ್ದರು. ಔಷಧಿ ಬಾಟಲಿಗಳಲ್ಲಿ, ಚಪ್ಪಲಿ ಡಬ್ಬಿಗಳಲ್ಲಿ ಸಿಗುವ, ತೇವ ಹೀರುವ ಹರಳಿನ ಪುಟ್ಟ ಬಿಳಿ ಪೊಟ್ಟಣಗಳು. ತೇವ ಕುಡಿದು ಸೋತವನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಕಾಗದ ಕಂದದಂತೆ ಒಂದೊಂದನ್ನೇ ಚಮಚದ ತುದಿಯಿಂದ ಮಗುಚುತ್ತಿದ್ದರು. ಎದುರುಮನೆಯಾಕೆ ಕಿಟಕಿಯಲ್ಲಿ ಇಣುಕಿ ಏನು ವಿಶೇಷ ಎಂದು ಕೇಳಿದ್ದಕ್ಕೆ, ಕಲ್ಲು ಹುರೀತಿದೀನಿ, ಹಲ್ಲು ಗಟ್ಟಿಯಿದ್ದರೆ ಊಟಕ್ಕೆ ಬನ್ನಿ ಎಂದಿದ್ದರು.

ಸೊಸೆ ಮೇಜಿನ ಮೇಲೆ ಕ್ಯಾಮರಾ ಇಟ್ಟುಕೊಂಡು, ಮೆತ್ತನೆಯ ಕುಂಚದಿಂದ ಗುಂಡಿಗಳ ಸಂದಿಯ ದೂಳು ತೆಗೆಯುತ್ತಿದ್ದಳು. ಅದು ಮಳೆಗಾಗಲಿ ದೂಳಿಗಾಗಲಿ ಮಾಡಿದ ಕ್ಯಾಮರಾ ಅಲ್ಲ. ಗುಂಡಿಗಳ ಕೆಳಗೆ ರಬ್ಬರಿನ ಅಂಚಿಲ್ಲ. ಬ್ಯಾಟರಿಯ ಬಾಗಿಲು ಸಡಿಲ. ನಾಲ್ಕು ಗೋಡೆಗಳ ಒಳಗೆ ನಗುವವರ ಫೋಟೋ ತೆಗೆಯಲಿಕ್ಕೆ ಮಾಡಿದ್ದು ಎಂದು ಅವಳ ಗಂಡ ಹೇಳುತ್ತಿದ್ದ. ಹಾಗೆ ಹೇಳುತ್ತಲೇ ಅದನ್ನು ಊರ ಹೊರಗಿನ ಗೋಡೆಗೆ ಒಯ್ಯುತ್ತಿದ್ದ. ಕುಂಚದ ಕೆಲಸ ಮುಗಿಸಿ ಅವಳು ಅದಕ್ಕೆ ಸ್ನಾನದ ಟೋಪಿ ತೊಡಿಸಿದಳು. ಅದರ ಮೇಲೆ, ಲೆನ್ಸಿನಷ್ಟೇ ಅಗಲದ ತೂತು ಕತ್ತರಿಸಿದ ಪ್ಲಾಸ್ಟಿಕ್ ಚೀಲ. ಚೀಲದ ಬಾಯಿಗೆ ಎರಡು ಸುತ್ತು ರಬ್ಬರ್ ಬ್ಯಾಂಡು. ಆಮೇಲೆ ಉಕ್ಕಿನ ಡಬ್ಬಿ. ಡಬ್ಬಿಯ ತಳದಲ್ಲಿ ಅತ್ತೆ ಆರಿಸಿಟ್ಟ ಪೊಟ್ಟಣಗಳು.

"ಅದು ನೆನೀಬಾರದು," ಎಂದರು ಅತ್ತೆ, ತಿರುಗಿ ನೋಡದೆ. ಪ್ರತಿ ವಾರದ ಮಾತು.

"ನಾನು?"

"ನೀನು ಒಣಗ್ತೀಯ."

ಒಂದು ಪೊಟ್ಟಣ ಡಬ್ಬಿಯಲ್ಲಿ ಹಿಡಿಸಲಿಲ್ಲ. ಅತ್ತೆ ಅದನ್ನು ಖಾಲಿ ಮಾತ್ರೆ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಸೊಸೆಯ ಚೀಲದೊಳಗೆ ತುರುಕಿದರು. ಇರಲಿ, ಯಾವುದಕ್ಕಾದರೂ ಆಗುತ್ತೆ ಎಂದರು.

ಎಂಟು ತಿಂಗಳ ಹಿಂದೆ, ಅದೇ ಗೋಡೆಯಿಂದ ಮರಳುವಾಗ ಗಂಡನಿಗೆ ಮಳೆ ಹಿಡಿದುಕೊಂಡಿತ್ತು. ಅವನು ತನ್ನ ರೇನ್‌ಕೋಟು ಬಿಚ್ಚಿ ಕ್ಯಾಮರಾಗೆ ಸುತ್ತಿ, ಎದೆಗೆ ಕಟ್ಟಿಕೊಂಡು ಬೈಕು ಓಡಿಸಿದ್ದ. ತಿರುವಿನಲ್ಲಿ ಬೈಕು ಜಾರಿತು. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಆ ರೇನ್‌ಕೋಟು ಇತ್ತು. ಬಿಚ್ಚಿದರೆ ಒಳಗೆ ಕ್ಯಾಮರಾ ಬೆಚ್ಚಗೆ, ಒಣಗಿಕೊಂಡೇ ಇತ್ತು. ಒಂದು ಗೀರೂ ಬಿದ್ದಿರಲಿಲ್ಲ. ಅವಳು ಅಂದು ಅಳಲಿಲ್ಲ, ಆಮೇಲೂ ಅಳಲಿಲ್ಲ. ಬಂದ ನೆಂಟರು ಅದನ್ನು ಗಮನಿಸಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಮೂರನೆಯ ವಾರ ಆ ಗೋಡೆ ನೋಡಿಕೊಳ್ಳುವ ಎಂಜಿನಿಯರು ಮನೆಗೆ ಬಂದು, ಗೋಡೆಯ ಫೋಟೋ ನೀವು ಮುಂದುವರಿಸ್ತೀರಾ ಎಂದು ಸಂಕೋಚದಿಂದ ಕೇಳಿದಾಗ, ಒಳಗಿನಿಂದ ಡಬ್ಬಿ ತಂದು ಸೊಸೆಯ ಮುಂದಿಟ್ಟವರು ಅತ್ತೆಯೇ.

ಗೋಡೆ ಒಂದು ಗುಡ್ಡವನ್ನು ತಡೆದು ನಿಂತಿತ್ತು. ಪಕ್ಕದಲ್ಲಿ ಜಲ್ಲಿ ಕ್ರಷರ್. ಕೆಳಗೆ, ಗೋಡೆಯಿಂದ ಹತ್ತು ಮಾರು ದೂರಕ್ಕೆ, ಕ್ರಷರಿನ ಕೆಲಸಗಾರರ ಹದಿನಾಲ್ಕು ಮನೆಗಳ ಒಂದು ಸಾಲು. ಹೋದ ವರ್ಷ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕು ಕಾಣಿಸಿಕೊಂಡಿತು. ಎಂಜಿನಿಯರು ಅದಕ್ಕೆ ಅಡ್ಡಲಾಗಿ ಏಳು ಗಾಜಿನ ಪಟ್ಟಿಗಳನ್ನು ಹಚ್ಚಿಸಿದರು. ಪ್ರತಿ ಪಟ್ಟಿಯ ಎರಡೂ ತುದಿಗೆ ಸಿಮೆಂಟು, ಸಿಮೆಂಟಿನ ಮೇಲೆ ಹಚ್ಚಿದ ದಿನದ ತಾರೀಕು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಒಂದೇ ಒಂದು ಒಡೆದರೂ ಸಾಲು ಖಾಲಿ ಮಾಡಿಸಬೇಕೆಂದು ಆದೇಶವಿತ್ತು. ಆದರೆ ಮೇಲಿನ ಕಚೇರಿಯವರು ಬಾಯಿಮಾತು ಕೇಳುವವರಲ್ಲ. ಒಮ್ಮೆ ಎಂಜಿನಿಯರು ಫೋನಿನಲ್ಲಿ ತೆಗೆದು ಕಳಿಸಿದ್ದ ಫೋಟೋವನ್ನು, ಹಿಂದಿನವುಗಳೊಂದಿಗೆ ಹೋಲಿಸಲು ಬರುವುದಿಲ್ಲ ಎಂದು ಬರೆದು ವಾಪಸು ಕಳಿಸಿದ್ದರು. ಅದೇ ಕ್ಯಾಮರಾ ಬೇಕು. ನೆಲದಲ್ಲಿ ಹೊಡೆದ ಅದೇ ಮೂರು ಮೊಳೆಗಳ ಮೇಲೆ ಅದೇ ಸ್ಟ್ಯಾಂಡು ನಿಲ್ಲಬೇಕು.

ಅವಳು ಬಸ್ಸಿಳಿದಾಗ ಮಧ್ಯಾಹ್ನ ಮೂರು ಗಂಟೆ. ಗುಡ್ಡದ ನೆತ್ತಿ ಕಾಣುತ್ತಿರಲಿಲ್ಲ. ಅಲ್ಲಿ ಮಳೆ ಬೂದು ಪರದೆಯಂತೆ ಇಳಿದಿತ್ತು. ಇಲ್ಲಿ ಇನ್ನೂ ಒಣ. ಗಾಳಿ ಮಾತ್ರ ಎದ್ದಿತ್ತು. ಕ್ರಷರಿನ ದೂಳನ್ನು ಬಾಚಿ ತಂದು ದಾರಿಯಲ್ಲಿ, ತಂತಿಗೆ ಹಾಕಿದ ಬಟ್ಟೆಗಳ ಮೇಲೆ, ಕಣ್ಣಲ್ಲಿ ಸುರಿಯುತ್ತಿತ್ತು. ಅವಳು ಡಬ್ಬಿಯನ್ನು ಎದೆಗವಚಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಅಡ್ಡಡ್ಡ ನಡೆದಳು.

ಮೇಸ್ತ್ರಿ ಮೊಳೆಗಳ ಹತ್ತಿರವೇ ನಿಂತಿದ್ದ. ಗೋಡೆಯ ಕೆಲಸಕ್ಕೆ ಗಾರೆಯವನು ಅವನೇ. ಗಾಜು ಹಚ್ಚಿದವನೂ ಅವನೇ. ಸಾಲಿನ ಒಂಬತ್ತನೆಯ ಮನೆಯಲ್ಲಿ ವಾಸ. ಅವಳ ಗಂಡನನ್ನು ಫೋಟೋದಣ್ಣ ಎನ್ನುತ್ತಿದ್ದವನು ಅವಳನ್ನು ಫೋಟೋದಮ್ಮ ಎನ್ನುತ್ತಾನೆ. ಯಾವತ್ತೂ ಅವಳು ಬಂದ ಅರ್ಧ ಗಂಟೆಯ ಮೇಲೆ, ಹಲ್ಲು ಕಡ್ಡಿ ಕಚ್ಚಿಕೊಂಡು ಬರುತ್ತಿದ್ದವನು ಇವತ್ತು ಮೊದಲೇ ಬಂದು, ಕೊಡೆ ಹಿಡಿದು ಕಾಯುತ್ತಿದ್ದ. ಮಳೆ ಬರುವಷ್ಟರಲ್ಲಿ ಒಂದು ಹೊಡೆದು ಹೊರಟುಬಿಡಿ, ರಸ್ತೆ ಜಾರುತ್ತೆ ಎಂದ. ಆಮೇಲೆ ತಾನು ಆಡಿದ್ದೇನೆಂದು ಹೊಳೆದು, ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

ಅವಳು ಸ್ಟ್ಯಾಂಡು ನಿಲ್ಲಿಸಿ ಗೋಡೆಯ ಹತ್ತಿರ ಹೋದಳು. ಪಟ್ಟಿಗಳನ್ನು ಮೊದಲು ಬರಿಗಣ್ಣಿನಿಂದ ನೋಡುವುದು ಗಂಡನಿಂದ ಕಲಿತ ಕ್ರಮ. ಒಂದು, ಎರಡು, ಮೂರು. ಎಲ್ಲಕ್ಕೂ ಬೂದು ದೂಳು ದಪ್ಪಗೆ ಕೂತಿತ್ತು. ಬೆರಳಿನಿಂದ ಹೆಸರು ಬರೆಯಬಹುದಾಗಿತ್ತು. ನಾಲ್ಕನೆಯದು ಹೊಳೆಯುತ್ತಿತ್ತು. ಅದರಲ್ಲಿ ಅವಳ ಮುಖ ಕಾಣಿಸಿತು.

ಐದು, ಆರು, ಏಳು. ಮತ್ತೆ ದೂಳು.

"ನಾಲ್ಕನೇದು ಯಾವಾಗ ಒಡೀತು ಮೇಸ್ತ್ರಿ?"

"ಒಡೆದಿದ್ಯಾ? ನೆಟ್ಟಗೇ ಇದ್ಯಲ್ಲ, ನೋಡಿ."

"ದೂಳಿಲ್ಲ."

ಅವನು ಹತ್ತಿರ ಬಂದು ನೋಡಿದ. ಅವನ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲಿಗೆ ಹೋಯಿತು. ಟವೆಲು ಹಿಡಿದ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ.

"ಒರೆಸಿಬಿಟ್ಟಿದೀನಿ," ಎಂದ. "ಕೆಲಸ ಮುಗಿಸಿ ಒರೆಸದೆ ಬಿಟ್ಟು ಗೊತ್ತಿಲ್ಲ ನನಗೆ. ಮೂವತ್ತು ವರ್ಷದ ಚಾಳಿ."

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಈ ಕಡೆ ಬಂದವನಿಗೆ ಟಿಕ್ ಎಂದು ಕೇಳಿಸಿತಂತೆ. ಹೊಸ ಗಾಜು ಕತ್ತರಿಸಿ ತಂದು ಹಚ್ಚಿದನಂತೆ. ಹಸಿ ಸಿಮೆಂಟು ಎದ್ದು ಕಾಣಬಾರದೆಂದು ಚಹಾ ಕಷಾಯಕ್ಕೆ ಬೂದಿ ಕಲಸಿ ಬಳಿದನಂತೆ. ಹಳೆಯ ತಾರೀಕನ್ನೇ ಮತ್ತೆ ಅದರ ಮೇಲೆ ಬರೆದನಂತೆ. ಇದನ್ನೆಲ್ಲ ಅವನು ಮುಚ್ಚುಮರೆಯಿಲ್ಲದೆ, ಒಂದು ಕೆಲಸದ ವಿವರ ಒಪ್ಪಿಸುವವನಂತೆ ಹೇಳಿದ. ಹೋದ ಸಲ ಕ್ರಷರಿನ ಆಚೆ ಪಕ್ಕದ ಸಾಲನ್ನು ಒಂದು ತಿಂಗಳ ಮಾತು ಎಂದು ಖಾಲಿ ಮಾಡಿಸಿದ್ದರು. ಆ ಜನ ಎರಡು ವರ್ಷದಿಂದ ಗೋದಾಮಿನಲ್ಲಿ, ಮೂಟೆಗಳ ನಡುವೆ ಸೀರೆ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಾರೆ.

"ಮಗಳು ಬಂದಿದಾಳೆ. ದಿನ ತುಂಬಿದೆ. ಗೋದಾಮಲ್ಲಿ ಹೆರಿಗೆ ಮಾಡಿಸಲಾ, ಹೇಳಿ."

ಅವನು ತಲೆಯೆತ್ತಿ ಆಕಾಶ ನೋಡಿದ.

"ಅರ್ಧ ಗಂಟೆ ತಡೀರಿ ಫೋಟೋದಮ್ಮ. ಮಳೆ ಬರುತ್ತೆ, ಏಳೂ ತೊಳೆದು ಒಂದೇ ಥರ ಆಗುತ್ತೆ. ಆಮೇಲೆ ಹೊಡ್ಕೊಳ್ಳಿ. ನೀವೂ ಸುಳ್ಳು ಹೇಳಿದ ಹಾಗಾಗಲ್ಲ, ನಾನೂ ಹೇಳಿದ ಹಾಗಾಗಲ್ಲ."

ತಡೆಯಬೇಕಾಗಿಯೂ ಇರಲಿಲ್ಲ. ಮೊಳೆಗಳ ಮೇಲಿನಿಂದ ನೋಡಿದರೆ ಗಾಜಿನ ಮೇಲಿನ ದೂಳು ಕಾಣುವುದಿಲ್ಲ. ಒಡೆಯದ ಏಳು ಪಟ್ಟಿಗಳು ಮಾತ್ರ ಕಾಣುತ್ತವೆ. ಹೊದಿಕೆಯನ್ನು ಬಿಚ್ಚದೆ, ತೂತಿನಿಂದಲೇ ಒಂದು ಫೋಟೋ. ಯಾರೂ ಬೆರಳು ತೋರಿಸುವಂತಿಲ್ಲ. ದೂಳನ್ನೇ ತೋರಿಸಬೇಕೆಂದರೆ ಚೀಲದಲ್ಲಿದ್ದ, ಹತ್ತಿರದಿಂದ ತೆಗೆಯುವ ಲೆನ್ಸು ಹಾಕಬೇಕು. ಎಂದರೆ ಈ ಗಾಳಿಯಲ್ಲಿ ಕ್ಯಾಮರಾದ ಬಾಯಿ ತೆರೆಯಬೇಕು. ಗಂಡ ಲೆನ್ಸು ಬದಲಿಸುತ್ತಿದ್ದದ್ದು ಬಚ್ಚಲುಮನೆಯಲ್ಲಿ. ಬಾಗಿಲು ಹಾಕಿಕೊಂಡು, ಮೊದಲು ಷವರು ಬಿಟ್ಟು ಗಾಳಿಯ ದೂಳು ಕೂರಿಸಿ, ಉಸಿರು ಬಿಗಿಹಿಡಿದು. ಒಳಗೇನು ಹೆರಿಗೆ ಮಾಡಿಸ್ತಿದೀಯೇನೋ ಎಂದು ಅತ್ತೆ ಬಾಗಿಲು ಬಡಿಯುತ್ತಿದ್ದರು.

ಅವಳು ಡಬ್ಬಿಯ ಮೇಲೆ ಕೈಯಿಟ್ಟು ನಿಂತಳು. ಗಾಳಿ ಒಮ್ಮೆ ನಿಂತು ಮತ್ತೆ ಎದ್ದಿತು. ಮನೆಗಳ ಕಡೆಯಿಂದ ಯಾರೋ ಪಾತ್ರೆ ತೊಳೆಯುವ ಸದ್ದು. ಬಿರುಕಿನಿಂದ ಕಣ್ಣು ಕಿತ್ತು ಅವಳು ಗೋಡೆಯ ಬುಡದುದ್ದಕ್ಕೂ ನೋಡಿದಳು. ಅಲ್ಲಿ, ಮೊಣಕಾಲೆತ್ತರದಲ್ಲಿ, ಗುಡ್ಡದ ನೀರು ಹೊರಗೆ ಬರಲೆಂದು ಇಟ್ಟ ಕೊಳವೆಗಳ ಸಾಲಿತ್ತು. ಗೋಡೆ ಬೆವರುತ್ತಿದ್ದರೆ ನಿದ್ದೆ ಮಾಡಬಹುದು, ಮಳೆಯಲ್ಲೂ ಒಣಗಿದ್ದರೆ ನೀರು ಒಳಗೇ ತುಂಬಿ ನೂಕುತ್ತಿದೆ ಎಂದರ್ಥ ಎನ್ನುತ್ತಿದ್ದ ಗಂಡ.

"ಗುಡ್ಡದ ಮೇಲೆ ಯಾವಾಗಿನಿಂದ ಮಳೆ?"

"ಬೆಳಿಗ್ಗೆ ಆರರಿಂದ ಒಂದೇ ಸಮ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಅವಳು ನೋಡುತ್ತಿದ್ದ ಕಡೆ ಅವನೂ ನೋಡಿದ. ಆಮೇಲೆ ಕೊಡೆಯನ್ನು ನೆಲದ ಮೇಲಿಟ್ಟು, ಕುಕ್ಕರುಗಾಲಿನಲ್ಲಿ ಕೂತು, ಹತ್ತಿರದ ಕೊಳವೆಯೊಳಗೆ ಬೆರಳು ತೂರಿಸಿದ. ಬೆರಳಿಗೆ ದೂಳು ಮೆತ್ತಿಕೊಂಡು ಬಂತು. ಒಣ ದೂಳು. ಪಕ್ಕದ ಕೊಳವೆಗೆ ಹೋದ. ಅದರ ಪಕ್ಕದ್ದಕ್ಕೆ. ಕೊನೆಗೆ ಅಂಗೈಯನ್ನು ಗೋಡೆಗೆ ಒತ್ತಿ, ಕಿವಿಯನ್ನೂ ಒತ್ತಿ, ಬಹಳ ಹೊತ್ತು ಹಾಗೇ ಇದ್ದ.

"ಇವನ್ನ ಇಟ್ಟಿದ್ದು ನಾನೇ," ಎಂದ, ಏಳದೆ. "ಬೆಳಿಗ್ಗೆಯಿಂದ ಬಿದ್ದ ನೀರು ಎಲ್ಲಿ ಹೋಯ್ತು?"

ಅವಳು ಡಬ್ಬಿ ತೆರೆದಳು. ರಬ್ಬರ್ ಬ್ಯಾಂಡು ತೆಗೆದು ಮಣಿಕಟ್ಟಿಗೆ ಹಾಕಿಕೊಂಡಳು. ಪ್ಲಾಸ್ಟಿಕ್ ಚೀಲ ಕೈಯಿಂದ ಹಾರಿ ತಂತಿಗೆ ಸಿಕ್ಕಿಕೊಂಡಿತು. ಸ್ನಾನದ ಟೋಪಿ ಇನ್ನೆಲ್ಲೋ ಹೋಯಿತು. ಗಾಳಿಗೆ ಬೆನ್ನು ಮಾಡಿ, ಬಗ್ಗಿ, ಹೊಟ್ಟೆಯ ಮರೆಯಲ್ಲಿ ಲೆನ್ಸು ತಿರುಗಿಸಿ ತೆಗೆದಳು. ಮೂರು ಉಸಿರಿನಷ್ಟು ಹೊತ್ತು ಕ್ಯಾಮರಾದ ಬಾಯಿ ತೆರೆದಿತ್ತು. ಒಳಗಿನ ಪುಟ್ಟ ಕನ್ನಡಿಯ ಮೇಲೆ ಬೂದು ಕಣಗಳು ಬಂದು ಕೂರುವುದು ಅವಳಿಗೆ ಕಾಣಿಸಿತು. ಇನ್ನೊಂದು ಲೆನ್ಸು ಹಾಕುವಷ್ಟರಲ್ಲಿ ಮೊದಲ ಹನಿ ಅವಳ ಕತ್ತಿಗೆ ಬಿತ್ತು.

ಮೂರನೆಯ, ನಾಲ್ಕನೆಯ, ಐದನೆಯ ಪಟ್ಟಿಗಳು ಒಂದೇ ಚೌಕಟ್ಟಿನಲ್ಲಿ ಬರುವಂತೆ ಅವಳು ಗೋಡೆಗೆ ಮುಖ ಹತ್ತಿರ ಮಾಡಿ ನಿಂತಾಗ ತಲೆಯ ಮೇಲೆ ಕತ್ತಲಾಯಿತು. ಮೇಸ್ತ್ರಿಯ ಕೊಡೆ. ಅದನ್ನು ಅವನು ಅವಳ ಮೇಲೆ ಹಿಡಿದಿರಲಿಲ್ಲ, ತನ್ನ ಮೇಲೂ ಹಿಡಿದಿರಲಿಲ್ಲ. ಕ್ಯಾಮರಾ ಮತ್ತು ಗಾಜಿನ ನಡುವಿನ ಗೇಣುದ್ದದ ಜಾಗದ ಮೇಲೆ ಹಿಡಿದಿದ್ದ.

"ಸಿಮೆಂಟೂ ಬರಲಿ," ಎಂದ. "ಎಡಗಡೆ ಮೂಲೆ. ಚಹಾ ಬಣ್ಣ ಅಲ್ಲಿ ಕಾಣುತ್ತೆ."

ಅವಳು ಎಡಕ್ಕೆ ಸರಿದಳು. ಒಂದು ಹೊಡೆದಳು. ಇನ್ನೊಂದು. ಗಾಳಿ ಕೊಡೆಯನ್ನು ಮಗುಚಿತು. ಅವನು ಅದನ್ನು ಬಿಟ್ಟು ಟವೆಲನ್ನು ಎರಡೂ ಕೈಯಲ್ಲಿ ಹರವಿ ಹಿಡಿದ. ಮೂರನೆಯದು. ಅಷ್ಟರಲ್ಲಿ ಮಳೆ ಗೋಡೆಯನ್ನು ಮುಟ್ಟಿತ್ತು. ಗಾಜುಗಳ ಮೇಲಿನ ದೂಳಿನಲ್ಲಿ ಮೊದಲು ಚುಕ್ಕೆಗಳೆದ್ದವು, ಆಮೇಲೆ ಗೆರೆಗಳು, ಆಮೇಲೆ ಏನೂ ಇಲ್ಲ. ಏಳೂ ಒಂದೇ ಥರ ಹೊಳೆದವು. ನಾಲ್ಕನೆಯ ಫೋಟೋಗೆ ಗುಂಡಿ ಒತ್ತಿದಾಗ ಕ್ಯಾಮರಾದ ಒಳಗೆ ಏನೋ ಅರ್ಧಕ್ಕೆ ಸಿಕ್ಕಿಕೊಂಡಂತೆ ಸದ್ದಾಯಿತು. ತೆರೆ ಒಮ್ಮೆ ಬೆಳ್ಳಗಾಗಿ ಕಪ್ಪಾಯಿತು. ಮತ್ತೆ ಹೊತ್ತಲಿಲ್ಲ.

ಅವಳು ಕ್ಯಾಮರಾದ ಪುಟ್ಟ ಬಾಗಿಲು ತೆರೆದು ಫೋಟೋಗಳಿದ್ದ ಕಾರ್ಡು ತೆಗೆದಳು. ಕುಪ್ಪಸದ ಒಣ ಮಡಿಕೆಯಲ್ಲಿ ಒರೆಸಿ, ಅತ್ತೆಯ ಮಾತ್ರೆ ಬಾಟಲಿಯೊಳಗೆ, ಹುರಿದ ಪೊಟ್ಟಣದ ಪಕ್ಕಕ್ಕೆ ಹಾಕಿ ಮುಚ್ಚಳ ಬಿಗಿದಳು. ಎಂಜಿನಿಯರಿಗೆ ಫೋನು ಮಾಡಿದಳು. ಫೋಟೋ ಇದೆಯಾ ಎಂದು ಕೇಳಿದರು. ಇದೆ ಎಂದಳು. ಕೊಳವೆಗಳ ವಿಷಯ ಹೇಳಿದಳು. ಆ ಕಡೆ ಒಂದು ಕುರ್ಚಿ ಸರಿದ ಸದ್ದು ಕೇಳಿಸಿತು. ಹೊರಟೆ, ಒಂದು ಗಂಟೆ ಆಗುತ್ತೆ, ಅಲ್ಲಿ ನಿಲ್ಲಬೇಡಿ ಎಂದರು.

ಮೇಸ್ತ್ರಿ ಆಗಲೇ ಇಳಿಜಾರಿನಲ್ಲಿದ್ದ. ಓಡುತ್ತಿರಲಿಲ್ಲ, ಓಡಿದರೆ ಗೋಡೆಗೆ ಕೇಳಿಸುತ್ತದೇನೋ ಎಂಬಂತೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದ. ಸಾಲಿನ ಮೊದಲನೆಯ ಮನೆಯ ಮುಂದೆ ನಿಂತು ಬಾಗಿಲು ತಟ್ಟಿದ. ತೆರೆದವರಿಗೆ ಏನೋ ಹೇಳಿ ಎರಡನೆಯದಕ್ಕೆ ಹೋದ. ಯಾರೋ ಗಂಡಸು ಕೈ ಬೀಸಿ ಬೈಯುತ್ತಿರುವುದು ಕಂಡಿತು, ಮಾತು ಕೇಳಿಸಲಿಲ್ಲ. ಒಂಬತ್ತನೆಯ ಮನೆಯ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಬ್ಬಳು ಹೆಣ್ಣುಮಗಳು ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಹೊಸ್ತಿಲಲ್ಲಿ ನಿಂತು, ತಂದೆ ಹೀಗೆ ಪರರ ಬಾಗಿಲು ತಟ್ಟುತ್ತಿರುವುದನ್ನು ನೋಡಿದಳು.

ಗೋಡೆಯ ಬಳಿಯೇ ನಿಂತಿದ್ದ ಸೊಸೆಯ ರೇನ್‌ಕೋಟು ಚೀಲದಲ್ಲೇ ಇತ್ತು. ಬಾಟಲಿ ಮುಷ್ಟಿಯಲ್ಲಿತ್ತು. ಕ್ಯಾಮರಾ ಕೊರಳಲ್ಲಿ ತೂಗುತ್ತಿತ್ತು. ಅದರ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಅವಳ ಕೈ ಅದನ್ನು ಮುಚ್ಚಲು ಹೋಗಲಿಲ್ಲ. ಹೊರಡುವ ಮುನ್ನ ಇನ್ನೊಮ್ಮೆ ಗೋಡೆಯ ಬುಡವನ್ನು ನೋಡಿದಳು. ಮಳೆ ಕಲ್ಲುಗಳ ಮೇಲೆ ಹರಿಯುತ್ತಿತ್ತು, ಬಿರುಕಿನೊಳಗೆ ಇಳಿಯುತ್ತಿತ್ತು. ಕೆಳಗೆ, ಕೊಳವೆಗಳ ಬಾಯಲ್ಲಿ, ಮೇಸ್ತ್ರಿಯ ಬೆರಳು ಮೂಡಿಸಿದ ಗುರುತುಗಳು ದೂಳಿನಲ್ಲಿ ಹಾಗೆಯೇ ಇದ್ದವು, ಒಣಗಿಕೊಂಡು.