ಮಂಗಳವಾರ ಹನ್ನೊಂದಕ್ಕೆ

"ಮಗಳನ್ನು ಎಂತಕ್ಕೆ ಕರ್ಕೊಂಡು ಬರ್ಲಿಲ್ಲ?" ಪ್ರಣೀತಾ ಎರಡನೆಯ ಸಲ ಕೇಳಿದಳು.

ಎದುರಿಗೆ ಕೂತಿದ್ದ ದಾನವ್ವ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳೇ ಹೊರತು ಒಂದು ಗುಟುಕೂ ಕುಡಿದಿರಲಿಲ್ಲ. ಬಾಗಿಲ ಕಡೆಗೊಮ್ಮೆ, ಗೋಡೆ ಗಡಿಯಾರದ ಕಡೆಗೊಮ್ಮೆ ನೋಡುತ್ತಿದ್ದಳು. ಹನ್ನೊಂದು ಹೊಡೆದು ಹತ್ತು ನಿಮಿಷವಾಗಿತ್ತು.

"ಮನ್ಯಾಗ ಅದಾಳ್ರಿ."

"ಒಬ್ಬಳೇ?"

"ಕೀಲಿ ಹಾಕಿ ಬಂದೀನ್ರಿ."

ಪ್ರಣೀತಾ ಅದನ್ನು ಬರೆದುಕೊಂಡಳು. ಫೋನಿನಲ್ಲಿ ದೂರು ಕೊಟ್ಟ ಹಿರಿಯರು ಹೇಳಿದ್ದು ಸುಳ್ಳಲ್ಲ ಎಂದುಕೊಂಡಳು.

ಮುಂಬಯಿಯ ಘಾಟ್ಕೋಪರ್ ಸ್ಟೇಶನ್ನಿನ ಹತ್ತಿರದ ಹಳೆಯ ಬಿಲ್ಡಿಂಗಿನಲ್ಲಿದ್ದ ಆ ಮಕ್ಕಳ ರಕ್ಷಣಾ ಸಂಸ್ಥೆಗೆ ದಿನಕ್ಕೆ ಮೂವತ್ತು ನಲವತ್ತು ಫೋನು ಬರುತ್ತಿದ್ದವು. ಪಕ್ಕದ ಮನೆಯಲ್ಲಿ ಮಗುವನ್ನು ಹೊಡೆಯುತ್ತಾರೆ, ಮೇಲಿನ ಮನೆಯಲ್ಲಿ ಮಗು ರಾತ್ರಿಯಿಡೀ ಅಳುತ್ತದೆ, ಇಂಥವು. ಅರ್ಧಕ್ಕರ್ಧ ನಳದ ಜಗಳದ ಸೇಡು, ಗಂಡ ಹೆಂಡಿರ ಹಟ. ಉಳಿದವುಗಳಲ್ಲಿ ಯಾವುದಕ್ಕೆ ಇವತ್ತೇ ಓಡಬೇಕು, ಯಾವುದು ಮೂರು ದಿನ ಕಾಯಬಹುದು, ಯಾವುದನ್ನು ಫೈಲಿಗೆ ಸೇರಿಸಿ ಸುಮ್ಮನಾಗಬಹುದು ಎಂದು ಆರಿಸುವುದು ಪ್ರಣೀತಾಳ ಕೆಲಸ. ಅಪ್ಪ ಉಡುಪಿ ಕಡೆಯಿಂದ ಬಂದು ಬೈಕುಲ್ಲಾದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡದ ಫೋನು ಬಂದರೆ ಎಲ್ಲರೂ ಅವಳ ಮೇಜಿಗೇ ಕಳಿಸುತ್ತಿದ್ದರು. ಆರು ವರ್ಷದಲ್ಲಿ ದನಿ ಕೇಳಿಯೇ ಮನುಷ್ಯನನ್ನು ಅಳೆಯುವ ಒಂದು ಅಭ್ಯಾಸ ಅವಳಿಗೆ ಬಂದುಬಿಟ್ಟಿತ್ತು.

ಒಂದಕ್ಕೊಂದು ಅಂಟಿದ ಖೋಲಿಗಳ ಕುರ್ಲಾದ ಚಾಳೊಂದರಿಂದ ಹದಿನೈದು ದಿನದಲ್ಲಿ ಮೂರು ಸಲ ಫೋನು ಮಾಡಿದ ಹಿರಿಯರ ದನಿ ಅಂಥ ನಂಬಿಕೆಯ ದನಿ. ಹೆಸರು ಹೇಳಲಿಲ್ಲ. "ಹೆಸರು ಬ್ಯಾಡ ತಾಯಿ, ನಾಳಿ ಒಬ್ಬರ ಮಾರಿ ಒಬ್ಬರು ನೋಡಬೇಕು. ಒಂಬತ್ತು ವರ್ಷದ ಕೂಸು. ಸಾಲಿ ಬಿಡಿಸ್ಯಾಳ, ಹೊರಗ ಬಿಡಾಂಗಿಲ್ಲ, ಬಡೀತಾಳ. ದೇವರು ನೋಡ್ತಾನ" ಎಂದಿದ್ದರು. ಸಂಸ್ಥೆಯವರು ಹೋಗಿ ಬಂದರು. ತಾಯಿ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ಮಗಳಿಗೆ ಜ್ವರ ಎಂದು ಹೇಳಿ ಮುಚ್ಚಿಕೊಂಡಿದ್ದಳು. ಆಮೇಲೆ ಪ್ರಣೀತಾಳೇ ಫೋನು ಮಾಡಿ, ಮಂಗಳವಾರ ಹನ್ನೊಂದಕ್ಕೆ ಮಗಳ ಜೊತೆ ಆಫೀಸಿಗೆ ಬಾರದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ ಎಂದು ಹೆದರಿಸಿದ್ದಳು.

"ಸಪ್ನಾಳನ್ನು ಹೊಡೀತೀರಾ?"

ದಾನವ್ವ ತಲೆ ತಗ್ಗಿಸಿದಳು. "ಒಮ್ಮೆ ಹೊಡದೀನ್ರಿ. ಆಕಿ ನನಗ ಹೇಳಿದಾಗ."

"ಎಂತ ಹೇಳಿದಾಗ?"

ದಾನವ್ವ ಲೋಟವನ್ನು ಮೇಜಿನ ಮೇಲಿಟ್ಟಳು. "ಅಜ್ಜ ಬಾಗಲಾ ಹಾಕ್ತಾನ ಅಂದ್ಲರಿ. ಆ ಮಾತು ಬಾಯಾಗಿಂದ ಬಂದದ್ದ ತಡಾ, ಕಪಾಳಕ ಹೊಡದೆ. ಆಮ್ಯಾಲ ಇಬ್ರೂ ಕೂಡಿ ಅತ್ತೀವಿ. ಅವತ್ತಿಂದ ಬಾಂಡಿ ತೊಳೆಯೋ ಕೆಲಸಾ ಬಿಟ್ಟೀನಿ. ಮನ್ಯಾಗ ಕುಂತು ಕಾರ್ಡಿಗಿ ಹಣಿ ಟಿಕಳಿ ಅಂಟಸ್ತೀನ್ರಿ. ಸಂಡಾಸಕ್ಕ ಹೋದ್ರೂ ಆಕಿನ್ನ ಜೋಡೀನ ಒಯ್ತೀನಿ."

ಪ್ರಣೀತಾ ಪೆನ್ನು ಕೆಳಗಿಟ್ಟಳು. "ಯಾವ ಅಜ್ಜ?"

"ಬಾಜೂ ಖೋಲಿ ಶಾಂತಪ್ಪ ಅಜ್ಜರಿ. ನಮ್ಮ ಸುರಪುರದ ಕಡಿಯವ. ಖೋಲಿ ಕೊಡಿಸಿದವ ಅವನೇ, ನನ್ನ ಗಂಡ ಭೀಮರಾಯಗ ಸೂರತ್ತಿನಾಗ ಕೆಲಸಾ ಹಚ್ಚಿದವನೂ ಅವನೇ. ಚಾಳಿನ ಮಂದಿಗೆಲ್ಲಾ ಬೇಕಾದವ. ಯಾರ ಮುಂದ ಹೇಳ್ಲಿ? ಹೇಳಿದ್ರ ಯಾರ ನಂಬ್ತಾರ?"

"ಅವರ ಮಾತು ಹೇಗೆ? ದನಿ?"

ಇದೆಂಥ ಪ್ರಶ್ನೆ ಎಂಬಂತೆ ದಾನವ್ವ ಅವಳನ್ನು ನೋಡಿದಳು. "ಭಾಳ ಸಾವಕಾಶ ಮಾತಾಡ್ತಾನ್ರಿ. ಎಲ್ಲಾರಿಗೂ ತಾಯಿ ಅಂತಾನ. ಮಾತಿಗೊಮ್ಮೆ ದೇವರು ನೋಡ್ತಾನ ಅಂತಾನ."

 ಅವನ ಶುಕ್ರವಾರದ ಫೋನು ಪ್ರಣೀತಾಳಿಗೆ ಅಕ್ಷರ ಅಕ್ಷರವಾಗಿ ನೆನಪಾಯಿತು. ಕೂಸಿನ ಗತಿ ಏನಾಯ್ತು ತಾಯಿ, ನನಗ ಊಟ ಸೇರವಲ್ದು ಎಂದಿದ್ದ. ದೂರು ಕೊಟ್ಟವರಿಗೆ ಮುಂದಿನ ವಿಷಯ ಏನನ್ನೂ ಹೇಳಕೂಡದೆಂಬುದು ಆಫೀಸಿನ ಮೊದಲ ಪಾಠ. ಹೊಸಬರಿಗೆ ಅದನ್ನು ಕಲಿಸುವವಳೇ ಅವಳು. ಆದರೂ ಆ ಮೆತ್ತನೆಯ ದನಿಗೆ ಕರಗಿ, "ನೀವು ಚಿಂತೆ ಮಾಡ್ಬೇಡಿ ಅಜ್ಜ, ಮಂಗಳವಾರ ಹನ್ನೊಂದಕ್ಕೆ ತಾಯಿಯನ್ನು ಇಲ್ಲಿಗೆ ಕರೆಸಿದ್ದೇವೆ" ಎಂದುಬಿಟ್ಟಿದ್ದಳು. ನಿಮ್ಮಂಥವರು ಚಾಳಿಗೊಬ್ಬರು ಇರಬೇಕು ಎಂದೂ ಸೇರಿಸಿದ್ದಳು.

"ಮಗಳನ್ನು ತರಬೇಡಿ ಅಂತ ನಿಮಗೆ ಯಾರು ಹೇಳಿದ್ದು?"

"ನಳದ ಹತ್ರ ಹನುಮವ್ವ ಅಂದಳ್ರಿ. ಕೂಸಿನ್ನ ಒಯ್ದರ ಕಸಗೊಂಡು ಅನಾಥಾಶ್ರಮಕ ಹಾಕ್ತಾರ ಅಂತ."

"ಹನುಮವ್ವನಿಗೆ ಯಾರು ಹೇಳಿದ್ದು?"

"ಅಜ್ಜ" ಎಂದಳು ದಾನವ್ವ.  ಲೋಟ ಮೇಜಿನ ಮೇಲೆ ಉರುಳಿತು.

"ಹಗಲೆಲ್ಲಾ ಮಲಗಿರ್ತಾನ್ರಿ ಅವ, ರಾತ್ರಿ ವಾಚ್‌ಮನ್ ಕೆಲಸ" ಎಂದು ಎದ್ದು ನಿಂತವಳ ದನಿಯೇ ಬೇರೆಯಾಗಿತ್ತು. "ಮಲಗಿದ್ದು ನೋಡೇ ಬಂದೀನಿ. ಕೀಲಿ ಗಟ್ಟಿ ಅದ. ಆದ್ರ ಯಕ್ಕಾ, ನಡುವಿನ ಗ್ವಾಡಿ ಮ್ಯಾಲಿನ ತಗಡ ಪತ್ರಾದ ತನಕಾ ಇಲ್ರೀ. ಮ್ಯಾಲ ಸಂದಿ ಅದ."

ಮುಂದಿನದನ್ನು ಪ್ರಣೀತಾ ಮೆಟ್ಟಿಲಿಳಿಯುತ್ತಲೇ ಮೇಲಧಿಕಾರಿ ರಂಜನಾಳಿಗೆ ಕೂಗಿ ಹೇಳಿದಳು. ಚಾಳಿನ ವಿಳಾಸ ಬರೆದ ಕಾಗದ ಮೇಜಿನ ಮೇಲಿದೆ, ಕುರ್ಲಾ ಪೊಲೀಸರಿಗೆ ಈಗಲೇ ಫೋನು ಮಾಡಿ, ಈಗಲೇ. ರಿಕ್ಷಾದಲ್ಲಿ ಹೋದರೆ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ. ಲೋಕಲ್ ರೈಲಿನಲ್ಲಾದರೆ ನಡುವೆ ಒಂದೇ ಸ್ಟೇಶನ್ನು. ಇಬ್ಬರೂ ಸೇತುವೆ ಹತ್ತಿ ಓಡಿದರು.

ಹೆಂಗಸರ ಡಬ್ಬಿಯಲ್ಲಿ ಆ ಹೊತ್ತಿಗೆ ಕೂರಲು ಜಾಗವಿತ್ತು. ಇಬ್ಬರೂ ಕೂರಲಿಲ್ಲ. ಒಬ್ಬಳು ಕೂದಲ ಕ್ಲಿಪ್ಪು ಮಾರುತ್ತ ಬಂದು, ಇವರ ಮುಖ ನೋಡಿ ಏನೂ ಅನ್ನದೆ ಮುಂದೆ ಹೋದಳು. ವಿದ್ಯಾವಿಹಾರ್ ದಾಟಿ ಕುರ್ಲಾದ ಪ್ಲಾಟ್‌ಫಾರ್ಮು ಕಾಣುತ್ತಿರುವಾಗಲೇ ಗಾಡಿ ನಿಂತುಬಿಟ್ಟಿತು. ಸಿಗ್ನಲ್ಲು. ಎರಡು ನಿಮಿಷ. ಮೂರು. ದಾನವ್ವ ಬಾಗಿಲ ಕಂಬ ಹಿಡಿದು ಹಳಿಯ ಜಲ್ಲಿಕಲ್ಲನ್ನೇ ದಿಟ್ಟಿಸುತ್ತಿದ್ದಳು. ಧುಮುಕಿಯಾಳೆಂದು ಪ್ರಣೀತಾ ಅವಳ ರಟ್ಟೆ ಹಿಡಿದುಕೊಂಡಳು.  ಹೋದ ತಿಂಗಳು ಕುಡಿದು, ಬಾಯಿಗೆ ಬಂದಂತೆ ಬೈಯುತ್ತ ಫೋನು ಮಾಡಿದ್ದ ಒಬ್ಬ ಹೆಂಗಸಿನ ದೂರನ್ನು ಪ್ರಣೀತಾ ಫೈಲಿಗೆ ಸೇರಿಸಿ ಸುಮ್ಮನಾಗಿದ್ದಳು. ಆ ದನಿ ಒರಟಾಗಿತ್ತು, ಅಷ್ಟೇ ಕಾರಣ. ಅಲ್ಲಿದ್ದ ಮಗು ಈಗ ಎಲ್ಲಿದೆ? ಅಂಥವು ಇನ್ನೆಷ್ಟು?

ಗಾಡಿ ಕದಲಿತು.

ಸ್ಟೇಶನ್ನಿನಿಂದ ಚಾಳಿಗೆ ಎಂಟು ನಿಮಿಷದ ದಾರಿ. ದಾನವ್ವನ ಒಂದು ಚಪ್ಪಲಿ ಕಿತ್ತು ರಸ್ತೆಯಲ್ಲೇ ಉಳಿಯಿತು. ಓಣಿಯ ತಿರುವಿನಲ್ಲಿ ಅವಳು ಮುಂದೆ, ಪ್ರಣೀತಾ ಹಿಂದೆ. ತಗಡಿನ ಬಾಗಿಲಿಗೆ ಬೀಗ ಹಾಗೇ ಇತ್ತು. ಪಕ್ಕದ ಖೋಲಿಯ ಹೊಸ್ತಿಲಿನಲ್ಲಿ, ಬಿಳಿ ಬನಿಯನ್ನು ತೊಟ್ಟ ಅರವತ್ತರ ಮುದುಕನೊಬ್ಬ ಆಗಷ್ಟೇ ಬಂದು ಕೂರುತ್ತಿದ್ದ. ಓಡುವ ಹೆಜ್ಜೆಯ ಸದ್ದು ಅವನಿಗೆ ಕೇಳಿಸಿರಬೇಕು. ಏದುಸಿರು ಬಿಡುತ್ತಿದ್ದ. ಬನಿಯನ್ನಿನ ಹೆಗಲ ಮೇಲೆ ಸಿಮೆಂಟಿನ ಬೂದು ಧೂಳಿತ್ತು.

"ಏನಾತು ದಾನವ್ವಾ, ಯಾಕ ಓಡ್ಲಿಕತ್ತಿ?" ಎಂದ.

ಗಡಿಬಿಡಿಯಲ್ಲಿ ದಾನವ್ವ ಕೀಲಿಯನ್ನು ತಿರುವುಮುರುವಾಗಿ ತೂರಿಸುತ್ತಿದ್ದಳು. "ಕೊಡಿ ಇಲ್ಲಿ" ಎಂದು ಪ್ರಣೀತಾ ತೆಗೆದುಕೊಂಡಳು. ಅಷ್ಟು ಸಾಕಾಯಿತು. ಮುದುಕ ಕತ್ತು ತಿರುಗಿಸಿ ಅವಳ ಮುಖವನ್ನು ನೋಡಿ ನಕ್ಕ.

"ಪ್ರಣೀತಾ ತಾಯಿ ಅಲ್ಲೇನು? ದನೀ ಕೇಳೇ ಗುರ್ತ ಹಿಡದೆ. ಚಲೋ ಆತು ಬಂದದ್ದು."

 ಪ್ರಣೀತಾ ಬೀಗ ತೆಗೆದಳು.

ಒಳಗೆ ಯಾರೂ ಇರಲಿಲ್ಲ. ಹತ್ತಡಿಯ ಖೋಲಿ, ಅಡಗಲು ಜಾಗವೇ ಇಲ್ಲ. ನಡುಗೋಡೆಯ ಪಕ್ಕದ ಹಾಸಿಗೆಯ ಮೇಲೆ ಗಾರೆಯ ಚೂರು ಉದುರಿತ್ತು. ಅದರ ನಡುವೆ ಹೊಳೆಯುವ ಕಾಗದದ ಮೂರು ಚಾಕಲೇಟು ಬಿದ್ದಿದ್ದವು. ಬಿಚ್ಚಿರಲಿಲ್ಲ.

"ಸಪ್ನಾ!" ದಾನವ್ವ ಚೀರಿದಳು. "ಏ ಸಪ್ನಾ!"

ಮೂಲೆಯಲ್ಲಿದ್ದ ನೀಲಿ ನೀರಿನ ಡ್ರಮ್ಮಿನ ಮುಚ್ಚಳ ಒಂದಿಷ್ಟು ಕದಲಿತು. ಪ್ರಣೀತಾ ಅದನ್ನು ಎತ್ತಿದಳು. ಎದೆಮಟ್ಟದ ನೀರಿನಲ್ಲಿ ಮುದುಡಿ ಕೂತ ಹುಡುಗಿ, ಎರಡೂ ಕೈಯಿಂದ ತನ್ನ ಬಾಯಿಯನ್ನು ತಾನೇ ಒತ್ತಿ ಹಿಡಿದುಕೊಂಡಿದ್ದಳು. ತುಟಿ ನೀಲಿಗಟ್ಟಿತ್ತು. ತಾಯಿಯ ಮುಖ ಕಂಡ ಮೇಲೂ ಕೈ ತೆಗೆಯಲಿಲ್ಲ. ದಾನವ್ವ ಡ್ರಮ್ಮನ್ನೇ ತಬ್ಬಿ ಒಳಗೆ ಬಗ್ಗಿ, ಒಂದೊಂದೇ ಬೆರಳು ಬಿಡಿಸಿದಳು.

"ಅಜ್ಜ ಮ್ಯಾಲಿಂದ ಕರದ" ಎಂದಿತು ಮಗು. "ನಾ ಓ ಅನ್ನಲಿಲ್ಲವ್ವಾ."

ಪೊಲೀಸರು ಬರುವಷ್ಟರಲ್ಲಿ ಚಾಳಿನ ಮಂದಿ ಬಾಗಿಲಿಗೆ ನೆರೆದಿದ್ದರು. ಶಾಂತಪ್ಪ ಎಲ್ಲಿಗೂ ಓಡಿರಲಿಲ್ಲ. ದೂರು ಕೊಟ್ಟವನೇ ನಾನು, ಬೇಕಾದರೆ ಆಫೀಸಿನ ಈ ತಾಯಿಯನ್ನೇ ಕೇಳಿರಿ ಎಂದು ಮೆಲ್ಲಗೆ ಹೇಳುತ್ತಿದ್ದ. ಅಜ್ಜ ದೇವರಂಥವ, ಇವಳೇ ಕೂಸಿಗೆ ಕೀಲಿ ಹಾಕುವವಳು ಎಂದು ಹನುಮವ್ವ ಎಲ್ಲರಿಗೂ ಕೇಳುವಂತೆ ಅಂದಳು. ಬಂದಿದ್ದ ಹೆಣ್ಣು ಪೊಲೀಸ್ ಹೆಚ್ಚು ಮಾತಾಡುವವಳಲ್ಲ. ಮುದುಕನ ಖೋಲಿಯೊಳಗೆ ಹೋಗಿ ಬಂದಳು. ಮಂಚವನ್ನು ನಡುಗೋಡೆಗೆ ಎಳೆದು, ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಸ್ಟೂಲು ಇಟ್ಟದ್ದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿದ್ದಳು. ಆ ಫೋಟೋವನ್ನು ಹನುಮವ್ವನ ಮುಂದೆ ಹಿಡಿದಳು. ಹನುಮವ್ವ ನೋಡಿದಳು, ತಲೆಯ ಮೇಲೆ ಸೆರಗೆಳೆದುಕೊಂಡು ಗುಂಪಿನ ಹಿಂದಕ್ಕೆ ಸರಿದಳು. 

ಹೆಣ್ಣು ಪೊಲೀಸ್ ಪ್ರಣೀತಾಳ ಹೇಳಿಕೆ ಬರೆದುಕೊಂಡಳು. ಕೊನೆಗೆ ಮರಾಠಿಯಲ್ಲಿ ಕೇಳಿದಳು: ತಾಯಿ ಮಗಳನ್ನು ಬಿಟ್ಟು ಎಂದೂ ಹೊರಗೆ ಹೋಗುವವಳಲ್ಲ ಎನ್ನುತ್ತೀರಿ. ಇವತ್ತು ಈ ಹೊತ್ತಿಗೆ ಮನೆಯಲ್ಲಿರುವುದಿಲ್ಲ ಎಂದು ಇವನಿಗೆ ಹೇಗೆ ಗೊತ್ತಾಯಿತು?

ಗೊತ್ತಿಲ್ಲ ಎನ್ನಬಹುದಿತ್ತು. ಆ ಫೋನಿನಲ್ಲಿ ಆಡಿದ್ದನ್ನು ಬಲ್ಲವರು ಇಬ್ಬರೇ. ಇನ್ನೊಬ್ಬ ಬಾಯಿ ಬಿಟ್ಟರೂ ಅವನ ಮಾತಿಗೆ ಇನ್ನು ಬೆಲೆಯಿರಲಿಲ್ಲ. 

"ನಾನೇ ಹೇಳಿದ್ದು" ಎಂದಳು ಪ್ರಣೀತಾ. "ಶುಕ್ರವಾರ, ಫೋನಿನಲ್ಲಿ. ಹಾಗೇ ಬರೆದುಕೊಳ್ಳಿ."

ಹದಿನೈದು ವರ್ಷ ಮುಂಬಯಿಯಲ್ಲಿ ಕಳೆದ ದಾನವ್ವನಿಗೆ ಅಷ್ಟು ಮರಾಠಿ ಬರುತ್ತಿತ್ತು. ಒದ್ದೆ ಮಗಳನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದವಳು ತಲೆ ಎತ್ತಿದಳು.

"ನೀವಾ?" ಎಂದಳು. 

ಶಾಂತಪ್ಪನನ್ನು ಕರೆದೊಯ್ದರು. ಅವನ ಖೋಲಿಗೆ ಪೊಲೀಸರೇ ತಮ್ಮ ಬೀಗ ಹಾಕಿ, ಕೀಲಿ ತೆಗೆದುಕೊಂಡು ಹೋದರು. ಸಪ್ನಾಳನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬರುವವರೆಗೆ ಕಾಯಬೇಕೆಂದರು. ರಂಜನಾ ಎರಡು ಸಲ ಫೋನು ಮಾಡಿದಳು. ಎರಡನೆಯ ಸಲ, ನಾಳೆ ಬೆಳಿಗ್ಗೆ ಮೊದಲು ನನ್ನ ಹತ್ತಿರ ಬಾ ಎಂದಷ್ಟೇ ಹೇಳಿ ಇಟ್ಟಳು. ಹೊರಗಿನ ಮಂದಿ ಚದುರಿದರು. ಹೋಗೆಂದು ದಾನವ್ವ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ಪ್ರಣೀತಾ ಬಾಗಿಲ ಬಳಿ ನೆಲದ ಮೇಲೆ ಕೂತಳು.

ಸದ್ದಡಗಿದ ಮೇಲೆ ಗೋಡೆಯಾಚೆಯ ಸದ್ದು ಕೇಳಿಸಿತು. ಗಡಿಬಿಡಿಯಲ್ಲಿ ಯಾರೂ ಶಾಂತಪ್ಪನ ಫ್ಯಾನು ಆರಿಸಿರಲಿಲ್ಲ. ಬೀಗ ಹಾಕಿದ ಖೋಲಿಯಲ್ಲಿ ಅದು ಕಟಕಟ ತಿರುಗುತ್ತಿತ್ತು. ಮೇಲಿನ ಸಂದಿಯಿಂದ ಅದರ ಗಾಳಿ ಈಚೆ ಇಳಿದು, ಹಗ್ಗಕ್ಕೆ ಹಾಕಿದ್ದ ಸಪ್ನಾಳ ಹಳದಿ ಫ್ರಾಕಿನ ಅಂಚನ್ನು ಎತ್ತುತ್ತಿತ್ತು, ಬಿಡುತ್ತಿತ್ತು. ಹುಡುಗಿ ತಾಯಿಯ ಸೆರಗಿನೊಳಗಿಂದ ಅದನ್ನೇ ನೋಡುತ್ತಿದ್ದಳು. ಪ್ರಣೀತಾ ಎದ್ದು ಫ್ರಾಕನ್ನು ಹಗ್ಗದಿಂದ ತೆಗೆದು, ಮಡಚಿ, ಮಡಿಲಲ್ಲಿಟ್ಟುಕೊಂಡು ಕೂತಳು. ಖಾಲಿ ಹಗ್ಗ ಅಲುಗುತ್ತಲೇ ಇತ್ತು.