ವೀರವ್ವ ಬಚ್ಚಿಟ್ಟ ಮೊಮ್ಮಗಳು

ಅಂದು ಮುಂಜಾನೆ ನಾನು ನಮ್ಮ ಕಟ್ಟೆಯ ಮೇಲೆ ಕುಳಿತು ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ಎದುರು ಮನೆಯ ವೀರವ್ವನ ಬಾಗಿಲಲ್ಲಿ ನಮ್ಮ ಓಣಿಯ ಸರ್ಕಾರಿ ಶಾಲೆಯ ಶಿಕ್ಷಕಿ ಅನಿತಾ ಅಕ್ಕೋರು ಒಂದು ಪಟ್ಟಿ ಹಿಡಿದು ನಿಂತಿದ್ದರು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಗಜೇಂದ್ರಗಡದ ಮನೆ ಮನೆ ತಿರುಗುತ್ತಿದ್ದರು.

“ವೀರವ್ವಾರ, ನಿಮ್ಮ ಮೊಮ್ಮಗಳು ಬನಶ್ರೀ ಎಲ್ಲಿ ಅದಾಳ್ರಿ?”

“ಇಳಕಲ್ಲಿನ್ಯಾಗ ಅದಾಳ್ರಿ. ಅಲ್ಲೇ ಸಾಲಿಗೆ ಹೊಂಟಾಳ,” ಎಂದಳು ವೀರವ್ವ.

ಒಳಗೆ ನೂಲು ಸುತ್ತುವ ರಾಟಿ ಕಿರ್ರೆನ್ನುತ್ತಿತ್ತು.

“ಹಂಗಾರ ರಾಟಿ ಯಾರು ತಿರುಗಸಾಕತ್ತಾರ್ರಿ?”

ರಾಟಿ ಥಟ್ಟನೆ ನಿಂತಿತು.

“ಬೆಕ್ಕು ಇದ್ದೀತ್ರಿ.”

“ಭಾಳ ಶಾಣ್ಯಾ ಬೆಕ್ಕು ಬಿಡ್ರಿ. ನೂಲೂ ಸುತ್ತತೈತಿ, ಮಾತೂ ಕೇಳಸ್ಕೋತೈತಿ!”

ನಾನು ನಕ್ಕುಬಿಟ್ಟೆ. “ನೀ ಸೊಪ್ಪು ಸೋಸವಾ!” ಎಂದು ವೀರವ್ವ ಗದರಿದಳು.

ಅವಳ ಮಗ ಕಳಕೇಶ ಮಗ್ಗದ ಕೆಲಸಕ್ಕೆಂದು ಹೆಂಡತಿ, ಮಗಳೊಡನೆ ಇಳಕಲ್ಲಿಗೆ ಹೋಗಿದ್ದ. “ಇನ್ನೊಂದು ಸೀರಿ ಮುಗಿದ್ರ ಊರಿಗೆ ಹೋಗೂದ ಐತಲ್ಲ” ಎನ್ನುತ್ತ ಎರಡು ವರ್ಷ ಕಳೆದವು. ಅಲ್ಲಿ ಬನಶ್ರೀಯನ್ನು ಶಾಲೆಗೆ ಸೇರಿಸಲೇ ಇಲ್ಲ. ನಾಲ್ಕನೆಯ ತರಗತಿಗೇ ಓದು ನಿಂತಿತು. ಈಗ ಅವಳನ್ನು ಅಜ್ಜಿಯ ಬಳಿ ತಂದು ಬಿಟ್ಟಿದ್ದರು; ಹುಡುಗಿಗೆ ಹನ್ನೊಂದು ವರ್ಷ.

ವೀರವ್ವ ಕೊನೆಗೆ ಬಾಯಿಬಿಟ್ಟಳು. “ಖರೇ ಹೇಳತೀನ್ರಿ. ಹಳೇ ಸಾಲಿ ಟಿಸಿ ತಗೊಂಡಿಲ್ಲ. ದಂಡಾ ಹಾಕತಾರಂತ ಅಂಜಿಕಿ. ಸಣ್ಣ ಹುಡುಗೂರ ನಡುವ ಕುಂದ್ರಿಸಿದ್ರ ಹುಡುಗಿ ನಾಚ್ಕೊಂಡು ಅಳತಾಳ. ಮಗ್ಗನ ಕಲೀಲಿ ಬಿಡ್ರಿ.”

ಅಕ್ಕೋರು ಹೊಸ್ತಿಲ ಬಳಿ ಕುಳಿತೇಬಿಟ್ಟರು. “ದಂಡಾನೂ ಇಲ್ಲ, ಬೈಗಳಾನೂ ಇಲ್ಲ. ಆರರಿಂದ ಹದಿನಾಕು ವರ್ಷದ ಮಕ್ಕಳಿಗೆ ಸಾಲಿ ಬಾಗಲಾ ಮುಚ್ಚಬಾರದಂತ ದಿಲ್ಲಿಯಾಗ ಕಾಯ್ದೆ ಮಾಡ್ಯಾರ. ಟಿಸಿ ತಡಾ ಆದ್ರೂ ಸೇರಿಸ್ಕೋಬೇಕು. ವಯಸ್ಸಿಗೆ ತಕ್ಕಂಗ ಆರನೇ ಕ್ಲಾಸಿಗೇ ಕುಂದ್ರಸ್ತೀವಿ. ಹಿಂದಿನ ಪಾಠ ಬ್ಯಾರೆ ಹೇಳಿಕೊಡತೀವಿ.”

“ದಿಲ್ಲಿಯವರಿಗೆ ನಮ್ಮ ಬನಶ್ರೀ ಹ್ಯಾಂಗ ಗೊತ್ತಾದಳ್ರಿ?”

“ದಿಲ್ಲಿಯ ಕಾಯ್ದೆ ಬೆಂಗಳೂರಿಗೆ ಬಂತು, ಅಲ್ಲಿಂದ ಗದಗಿಗೆ, ರೋಣದ ಬಿಇಓ ಸಾಹೇಬ್ರ ಆಫೀಸಿಗೆ. ಅವರು ಈ ಪಟ್ಟಿ ನನ್ನ ಕೈಯಾಗ ಕೊಟ್ಟಾರ. ಇದರಾಗ ಇಕಿ ಹೆಸರು ಐತಿ ನೋಡ್ರಿ.”

ವೀರವ್ವನಿಗೆ ಓದಲು ಬಾರದು. ಬಾಗಿಲ ಹಿಂದಿನಿಂದ ಬನಶ್ರೀಯೇ ಮೆಲ್ಲಗೆ ಬಂದಳು. ಪಟ್ಟಿಯ ಮೇಲೆ ಬೆರಳಿಟ್ಟು ಓದಿದಳು: “ಬ... ನ... ಶ್ರೀ.” ಮುಂದೆ ಊರ ಹೆಸರಿತ್ತು. ಬೆರಳು ಅಲ್ಲೇ ನಿಂತಿತು.

“ಇದನ್ನ ಓದೂದು ಮರತೈತ್ರಿ ಅಕ್ಕೋರ,” ಎಂದು ತಲೆ ತಗ್ಗಿಸಿದಳು.

ವೀರವ್ವನ ಮುಖ ಸಣ್ಣದಾಯಿತು. ಸೆರಗಿನಿಂದ ಮೊಮ್ಮಗಳ ಕಣ್ಣು ಒರೆಸಿದಳು. “ಈಗ ಕರಕೊಂಡು ಹೋಗ್ರಿ. ನಾಳಿ ಅಂದ್ರ ನನ್ನ ಬುದ್ಧಿ ಮತ್ತ ಹ್ಯಾಂಗ ತಿರುಗತೈತೋ!”

ಬನಶ್ರೀ ಈಗ ಓರಗೆಯವರೊಂದಿಗೆ ಆರನೆಯ ತರಗತಿಯಲ್ಲಿದ್ದಾಳೆ. ಭಾಗಾಕಾರ ಇನ್ನೂ ತಪ್ಪುತ್ತಾಳೆ; ಅಕ್ಕೋರು ಬೇಸರಿಸದೆ ಮತ್ತೆ ಹೇಳಿಕೊಡುತ್ತಾರೆ. ಇಷ್ಟು ದೊಡ್ಡ ದೇಶದ ಶಿಕ್ಷಣ ಇಲಾಖೆ ನಮ್ಮ ಓಣಿಯವರೆಗೆ ನಡೆದು ಬಂದು ಒಂದು ಹುಡುಗಿಯನ್ನು ಹೆಸರು ಹಿಡಿದು ಕೇಳಿತಲ್ಲ, ನನಗೆ ಅದೇ ದೊಡ್ಡದೆನಿಸುತ್ತದೆ.

ತಾಯಂದಿರೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಶಾಲೆ ಬಿಟ್ಟ ಮಗುವಿದ್ದರೆ ಬಚ್ಚಿಡಬೇಡಿ. ಕಾಗದಪತ್ರವಿಲ್ಲವೆಂದು ಹೆದರಬೇಡಿ. ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಅಲ್ಲಿ ತೊಂದರೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಕಚೇರಿಯಲ್ಲಿ ಕೇಳಿ. ಮಗುವಿನ ತಲೆ ಬಾಚಿ, ಕೈ ಹಿಡಿದು ಇವತ್ತೇ ಹೊರಡಿ.